ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಕಾರ್ಡ್ ಬದಲಿಸಲಿಕ್ಕೆ ಆಗ್ತದಾ? ಮಂಗಳೂರಿನ ರಿಪೇರಿ ಮೇಜಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಹಂಪನಕಟ್ಟೆಯ ನಮ್ಮ ಸಣ್ಣ ಅಂಗಡಿಗೆ ಲ್ಯಾಪ್‌ಟಾಪ್ ಹಿಡಿದುಕೊಂಡು ಬರುವವರಲ್ಲಿ ಅರ್ಧ ಜನ ಕಾಲೇಜು ಮಕ್ಕಳು. ಕಾಲೇಜು ಶುರುವಾಗಿ ಒಂದು ತಿಂಗಳೊಳಗೆ ಅವರ ಬಾಯಲ್ಲಿ ಬರುವುದು ಒಂದೇ ಪ್ರಶ್ನೆ. ಸುರತ್ಕಲ್ಲಿನಿಂದ ಬಂದವರೂ ಅದನ್ನೇ ಕೇಳುತ್ತಾರೆ, ಮಣಿಪಾಲದಿಂದ ಬಂದವರೂ ಅದನ್ನೇ. ದಿನಕ್ಕೆ ನಾಲ್ಕು ಸಲ ಅದೇ ಉತ್ತರ ಹೇಳುವ ಬದಲು ಒಮ್ಮೆ ಬರೆದಿಡೋಣ ಅಂತ ಕೂತೆ. ಪ್ರಶ್ನೆಗಳನ್ನು ಜನ ಕೇಳುವ ಹಾಗೆಯೇ ಹಾಕಿದ್ದೇನೆ.

ನನ್ನ ಲ್ಯಾಪ್‌ಟಾಪಿಗೆ ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕ್ಲಿಕ್ಕೆ ಆಗ್ತದಾ?

ಇಲ್ಲ. ಅಂಗಡಿಯಲ್ಲಿ ಮಾರಾಟಕ್ಕೆ ಸಿಗುವ ಹೆಚ್ಚುಕಡಿಮೆ ಎಲ್ಲ ಲ್ಯಾಪ್‌ಟಾಪುಗಳಿಗೂ ಇದೇ ಉತ್ತರ. ನಲವತ್ತು ಸಾವಿರದ್ದಾದರೂ ಸರಿ, ಒಂದೂವರೆ ಲಕ್ಷದ ಗೇಮಿಂಗ್ ಲ್ಯಾಪ್‌ಟಾಪ್ ಆದರೂ ಸರಿ. ಕೆಲವು ಅಪವಾದ ಉಂಟು, ಕೆಳಗೆ ಹೇಳುತ್ತೇನೆ. ನಿಮ್ಮದು ಆ ಅಪವಾದದ್ದಾಗಿದ್ದರೆ ಕೊಳ್ಳುವಾಗಲೇ ನಿಮಗೆ ಗೊತ್ತಿರುತ್ತಿತ್ತು.

ಯಾಕೆ ಆಗುವುದಿಲ್ಲ? ರ‍್ಯಾಮ್ ಬದಲಿಸ್ತೀರಿ, ಎಸ್‌ಎಸ್‌ಡಿ ಬದಲಿಸ್ತೀರಿ. ಇದು ಮಾತ್ರ ಎಂತ?

ರ‍್ಯಾಮ್‌ಗೆ ಸ್ಲಾಟ್ ಉಂಟು, ಎಸ್‌ಎಸ್‌ಡಿಗೆ ಸ್ಲಾಟ್ ಉಂಟು. ಗ್ರಾಫಿಕ್ಸಿಗೆ ಇಲ್ಲ. ಲ್ಯಾಪ್‌ಟಾಪಿನಲ್ಲಿ 'ಕಾರ್ಡ್' ಎಂಬುದೇ ಇರುವುದಿಲ್ಲ, ಇರುವುದು ಚಿಪ್ ಮಾತ್ರ. ಅದರ ಹೊಟ್ಟೆಯ ಅಡಿಯಲ್ಲಿ ಸಾಸಿವೆಗಿಂತ ಸಣ್ಣ ಬೆಸುಗೆಯ ಗುಂಡುಗಳು ನೂರಾರು. ಪ್ರತಿಯೊಂದೂ ಮದರ್‌ಬೋರ್ಡಿನ ಒಂದೊಂದು ಚುಕ್ಕಿಗೆ ಕರಗಿ ಅಂಟಿಕೊಂಡಿರುತ್ತದೆ. ಇದಕ್ಕೆ ಬಿಜಿಎ ಅಂತ ಹೆಸರು.

ಸರಿ, ಮೆಷಿನ್ ಇಟ್ಟುಕೊಂಡು ಚಿಪ್ಪನ್ನು ಎಬ್ಬಿಸಿದೆವು ಅಂತಲೇ ಇಟ್ಟುಕೊಳ್ಳಿ. ದೊಡ್ಡ ಚಿಪ್ಪಿನ ಕಾಲುಗಳು ಸಣ್ಣ ಚಿಪ್ಪಿನ ಚುಕ್ಕಿಗಳ ಮೇಲೆ ಕೂರುವುದಿಲ್ಲ. ಸುತ್ತ ಇರುವ ವೀಡಿಯೊ ಮೆಮೊರಿಯ ಚಿಪ್ಪುಗಳೂ ಬೆಸುಗೆ ಹಾಕಿದವೇ. ಅದಕ್ಕೆ ಕರೆಂಟು ಕೊಡುವ ಕಾಯಿಲ್‌ಗಳು ಆ ಚಿಪ್ಪಿನ ಹಸಿವಿಗೆ ತಕ್ಕಷ್ಟೇ ಇಟ್ಟವು. ಬಯಾಸ್ (ಆನ್ ಮಾಡಿದ ಕೂಡಲೇ ಮೊದಲು ಓಡುವ, ಬೋರ್ಡಿನೊಳಗಿನ ಪ್ರೋಗ್ರಾಮ್) ಗುರುತು ಹಿಡಿಯುವುದೂ ಆ ಚಿಪ್ಪನ್ನೇ.

ಹಿಂದಿನ ಮುಚ್ಚಳ ತೆಗೆದು ಗಿರಾಕಿಗಳಿಗೆ ತೋರಿಸುವಾಗ ನಾನು ಬೆರಳಿಡುವುದು ತಾಮ್ರದ ಕೊಳವೆಯ ಮೇಲೆ. ಚಪ್ಪಟೆ ಕೊಳವೆ, ಪ್ರೊಸೆಸರಿನ ಮೇಲಿಂದ ಹೊರಟು ಗ್ರಾಫಿಕ್ಸ್ ಚಿಪ್ಪಿನ ಮೇಲೆ ಹಾದು ಫ್ಯಾನಿನ ಬಾಯಿಗೆ ಹೋಗಿ ಮುಟ್ಟುತ್ತದೆ. ಎರಡು ಒಲೆಗೆ ಒಂದೇ ಹೊಗೆಗೂಡು ಇದ್ದ ಹಾಗೆ. ಇದರ ಬಾಗು, ದಪ್ಪ, ಸ್ಕ್ರೂ ಹಾಕುವ ಜಾಗ ಎಲ್ಲವೂ ಆ ಒಂದು ಮಾಡೆಲಿಗೆ ಹೊಲಿಸಿದ ಅಂಗಿ. ಅದಕ್ಕಿಂತ ಬಿಸಿಯಾಗುವ ಚಿಪ್ಪನ್ನು ಅದರ ಅಡಿಗೆ ಇಟ್ಟರೆ ಆ ಬಿಸಿ ಹೊರಗೆ ಹೋಗಲಿಕ್ಕೆ ದಾರಿಯೇ ಇಲ್ಲ.

ನನ್ನದರಲ್ಲಿ ಯಾವ ಗ್ರಾಫಿಕ್ಸ್ ಉಂಟು ಅಂತ ನೋಡುವುದು ಹೇಗೆ?

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ, ಅದರಲ್ಲಿ ಪರ್ಫಾರ್ಮೆನ್ಸ್‌ಗೆ ಹೋಗಿ. ಜಿಪಿಯು ಅಂದರೆ ಗ್ರಾಫಿಕ್ಸ್ ಚಿಪ್. ಜಿಪಿಯು 0 ಮಾತ್ರ ಇದ್ದು ಅದರ ಹೆಸರು ಇಂಟೆಲ್ ಅಥವಾ ಬರೀ ರೇಡಿಯಾನ್ ಗ್ರಾಫಿಕ್ಸ್ ಅಂತಿದ್ದರೆ ನಿಮ್ಮದು ಪ್ರೊಸೆಸರಿನ ಒಳಗೇ ಇರುವ ಗ್ರಾಫಿಕ್ಸ್. ಜಿಪಿಯು 1 ಅಂತ ಇನ್ನೊಂದಿದ್ದು ಅದರಲ್ಲಿ ಜಿಫೋರ್ಸ್ ಎಂದೋ ರೇಡಿಯಾನ್ ಆರ್‌ಎಕ್ಸ್ ಎಂದೋ ಇದ್ದರೆ ಬೇರೆ ಚಿಪ್ ಉಂಟು.

ಇಲ್ಲಿ ಒಂದು ಗೊಂದಲ ದಿನಾ ನೋಡುತ್ತೇನೆ. 'ಶೇರ್ಡ್ ಜಿಪಿಯು ಮೆಮೊರಿ 7.9 ಜಿಬಿ' ಅಂತ ಕಂಡ ಕೂಡಲೇ 'ನನ್ನದರಲ್ಲಿ 8 ಜಿಬಿ ಗ್ರಾಫಿಕ್ಸ್ ಉಂಟು' ಅಂತ ಹುಡುಗರು ಖುಷಿಪಡುತ್ತಾರೆ. ಅದು ನಿಮ್ಮದೇ 16 ಜಿಬಿ ರ‍್ಯಾಮ್‌ನ ಅರ್ಧ. ಬೇಕಾದರೆ ಇಷ್ಟರವರೆಗೆ ಸಾಲ ತಗೊಳ್ಳಬಹುದು ಅಂತ ವಿಂಡೋಸ್ ಹೇಳುವ ಲೆಕ್ಕ. ನಿಜವಾದದ್ದು 'ಡೆಡಿಕೇಟೆಡ್' ಅಂತ ಬರೆದ ಸಾಲು.

ಯೂಟ್ಯೂಬಿನಲ್ಲಿ ಒಬ್ಬ ಹಳೆಯ ಕಾರ್ಡ್ ತೆಗೆದು ಹೊಸದು ಹಾಕಿದ್ದಾನಲ್ಲ?

ಹಾಕಿರುತ್ತಾನೆ, ಸುಳ್ಳಲ್ಲ. ಅದು ಎಂಎಕ್ಸ್‌ಎಂ ಕಾರ್ಡ್. ಲ್ಯಾಪ್‌ಟಾಪಿಗೂ ಬಿಚ್ಚಿ ಹಾಕುವ ಗ್ರಾಫಿಕ್ಸ್ ಕಾರ್ಡ್ ಬೇಕು ಅಂತ ಜಿಫೋರ್ಸ್ ಚಿಪ್ ಮಾಡುವ ಎನ್ವಿಡಿಯಾ ಕಂಪೆನಿ 2004ರಲ್ಲಿ ಈ ಮಾದರಿಯನ್ನು ತಂದಿತು. ಆಮೇಲೆ ಬಂದ 3.0 ಆವೃತ್ತಿಯಲ್ಲಿ ಎರಡು ಅಳತೆ: ಸಣ್ಣದು 82 ಮಿ.ಮೀ.ಗೆ 70, ದೊಡ್ಡದು 82ಕ್ಕೆ 105. ಡೆಲ್ ಪ್ರಿಸಿಷನ್ ಎಂ6800, ಎಚ್‌ಪಿ ಜೆಡ್‌ಬುಕ್ 17ರ ಮೊದಲ ಆವೃತ್ತಿಗಳು, ಎಂಎಸ್‌ಐಯ ಜಿಟಿ ಸಾಲಿನ ಹಳೆಯವು, ಕ್ಲೆವೋದವು, ಇಂಥ ಇಟ್ಟಿಗೆಯಂಥ ಭಾರದ ಲ್ಯಾಪ್‌ಟಾಪುಗಳಲ್ಲಿ ಇದು ಇತ್ತು. ಲ್ಯಾಪ್‌ಟಾಪ್ ತೆಳ್ಳಗಾಗುತ್ತ ಬಂದ ಹಾಗೆ ಸಾಕೆಟ್ ಮರೆಯಾಯಿತು.

ಹಾಗಂತ ಎಂಎಕ್ಸ್‌ಎಂ ಇದ್ದರೆ ಸಾಕು ಅಂತಲೂ ಅಲ್ಲ. ನನ್ನ ಕೈ ಸುಟ್ಟ ಕಥೆ ಕೇಳಿ. ಅಂಗಡಿ ಶುರು ಮಾಡಿದ ಹೊಸತರಲ್ಲಿ ಒಬ್ಬರು ಇಂಟೀರಿಯರ್ ಡಿಸೈನರ್ ಇಂಥದ್ದೇ ಒಂದು ಹಳೆಯ ವರ್ಕ್‌ಸ್ಟೇಷನ್ ತಂದರು. 'ಕಾರ್ಡ್ ಬದಲಿಸಬಹುದಂತೆ, ನೋಡಿ' ಅಂದರು. ನಾನು ದೊಡ್ಡ ಜನ ಆಗಿ 'ಅದೆಂತ ದೊಡ್ಡ ಕೆಲಸ' ಅಂತ ಆನ್‌ಲೈನಿನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಕಾರ್ಡ್ ತರಿಸಿದೆ. ಸಾಕೆಟಿನಲ್ಲಿ ಸರಿಯಾಗಿ ಕೂತಿತು. ಆದರೆ ಬಿಸಿಯನ್ನು ಹೊರಗೆ ಎಳೆಯುವ ಹೀಟ್‌ಸಿಂಕಿನ ಸ್ಕ್ರೂ ತೂತುಗಳಲ್ಲಿ ಎರಡು ಹೊಂದಲಿಲ್ಲ. ಹೇಗೋ ಒತ್ತಿ ಹಿಡಿದು ಆನ್ ಮಾಡಿದರೆ ಎರಡು ಬೀಪ್, ಕಪ್ಪು ಸ್ಕ್ರೀನ್. ಗೊತ್ತಿಲ್ಲದ ಕಾರ್ಡನ್ನು ಬಯಾಸ್ ಒಳಗೆ ಬಿಡುವುದಿಲ್ಲ ಅಂತ ಅವತ್ತು ಗೊತ್ತಾಯಿತು. ತಯಾರಕರು ಒಪ್ಪಿದ ಕಾರ್ಡುಗಳ ಒಂದು ಪಟ್ಟಿ ಅದರೊಳಗೇ ಇರುತ್ತದೆ. ಕಾರ್ಡ್ ಕೊಟ್ಟವನು ವಾಪಸ್ ತಗೊಳ್ಳಲಿಲ್ಲ. ಅದು ಈಗಲೂ ನನ್ನ ಡ್ರಾಯರಿನಲ್ಲಿ ಹಳೆಯ ಸ್ಕ್ರೂಗಳ ಡಬ್ಬದ ಪಕ್ಕ ಉಂಟು. ಯಾರಿಗಾದರೂ ಬೇಕಾದರೆ ಕೊಡುತ್ತೇನೆ, ಫ್ರೀ.

ಈಗಿನ ಹೊಸ ಲ್ಯಾಪ್‌ಟಾಪುಗಳಲ್ಲಿ ಬದಲಿಸುವಂಥದ್ದು ಒಂದೂ ಇಲ್ವಾ?

ಒಂದು ಉಂಟು: ಫ್ರೇಮ್‌ವರ್ಕ್ ಲ್ಯಾಪ್‌ಟಾಪ್ 16. 2023ರಲ್ಲಿ ಘೋಷಣೆಯಾಯಿತು. ಹಿಂಬದಿಯಿಂದ ಇಡೀ ಗ್ರಾಫಿಕ್ಸ್ ಭಾಗವನ್ನೇ ಅದರ ಫ್ಯಾನಿನ ಸಮೇತ ಎಳೆದು ತೆಗೆಯುವ ವ್ಯವಸ್ಥೆ. ಮೊದಲು ರೇಡಿಯಾನ್ ಆರ್‌ಎಕ್ಸ್ 7700ಎಸ್ ಇತ್ತು. 2025ರಲ್ಲಿ ಆರ್‌ಟಿಎಕ್ಸ್ 5070 ಬಂತು, ಹಳೆಯ ಲ್ಯಾಪ್‌ಟಾಪ್ ಇದ್ದವರೂ ಅದನ್ನು ಹಾಕಿಕೊಳ್ಳಬಹುದು. ಮಾತು ಕೊಟ್ಟು ಉಳಿಸಿಕೊಂಡದ್ದು ಈ ವಿಷಯದಲ್ಲಿ ಅಪರೂಪ. ನನ್ನ ಮೇಜಿಗೆ ಇನ್ನೂ ಒಂದೂ ಬಂದಿಲ್ಲ, ಬಂದರೆ ಬಿಚ್ಚಿ ನೋಡುವ ಆಸೆ ಉಂಟು.

2019ರ ಏಲಿಯನ್‌ವೇರ್ ಏರಿಯಾ-51ಎಂನಲ್ಲೂ ಬಿಚ್ಚುವ ಕಾರ್ಡ್ ಇತ್ತು. ಆದರೆ ಆ ಕಾರ್ಡಿನ ಆಕಾರ ಆ ಕಂಪೆನಿಯದ್ದೇ ಸ್ವಂತದ್ದು. ಸಾಕೆಟ್ ಇದ್ದರೂ ಅದಕ್ಕೆ ಕೂರುವ ಮುಂದಿನ ತಲೆಮಾರಿನ ಕಾರ್ಡನ್ನು ಯಾರಾದರೂ ಮಾಡಬೇಕಲ್ಲ.

ಹೊರಗಿನಿಂದ ಕಾರ್ಡ್ ಜೋಡಿಸ್ಲಿಕ್ಕೆ ಆಗ್ತದೆ ಅಂತಾರೆ, ಹೌದಾ?

ಹೌದು, ಕೆಲವರಿಗೆ. ಇದನ್ನು ಇ-ಜಿಪಿಯು ಅನ್ನುತ್ತಾರೆ. ಒಂದು ಪೆಟ್ಟಿಗೆ, ಅದರೊಳಗೆ ಡೆಸ್ಕ್‌ಟಾಪಿನ ಕಾರ್ಡ್, ಅದಕ್ಕೆ ಬೇರೆ ಪವರ್ ಸಪ್ಲೈ, ಅಲ್ಲಿಂದ ಲ್ಯಾಪ್‌ಟಾಪಿಗೆ ಒಂದು ಕೇಬಲ್.

ಮೊದಲು ನಿಮ್ಮ ಟೈಪ್-ಸಿ ಪೋರ್ಟಿನ ಪಕ್ಕದಲ್ಲಿ ಮಿಂಚಿನ ಗುರುತು ಉಂಟಾ ನೋಡಿ. ಇದ್ದರೆ ಥಂಡರ್‌ಬೋಲ್ಟ್ (ಡೇಟಾ ತುಂಬ ವೇಗವಾಗಿ ಓಡುವ ಪೋರ್ಟ್) ಇರುವ ಸಾಧ್ಯತೆ ಹೆಚ್ಚು. ಹೆಚ್ಚು ಅಂದೆ, ಖಾತ್ರಿ ಅನ್ನಲಿಲ್ಲ. ಕೆಲವರು ಚಾರ್ಜಿಂಗ್ ಪೋರ್ಟಿಗೂ ಮಿಂಚು ಬರೆಯುತ್ತಾರೆ. ಮಾಡೆಲ್ ನಂಬರ್ ಹಾಕಿ ಕಂಪೆನಿಯ ಪುಟದಲ್ಲಿ ಓದಿ ನೋಡುವುದೇ ಸರಿ. ಯುಎಸ್‌ಬಿ4 ಪೋರ್ಟ್ ಇರುವ ಎಎಂಡಿ ಲ್ಯಾಪ್‌ಟಾಪುಗಳಲ್ಲೂ ಹಲವು ಕಡೆ ನಡೆಯುತ್ತದೆ. ಬರೀ ಯುಎಸ್‌ಬಿ 3.2 ಟೈಪ್-ಸಿ ಇದ್ದರೆ ನಡೆಯುವುದಿಲ್ಲ. ಆಕಾರ ಒಂದೇ, ಒಳಗಿನ ದಾರಿ ಬೇರೆ.

ಆಗುತ್ತದೆ ಅಂತಾದರೂ ವೇಗ ಪೂರ್ತಿ ಸಿಗುವುದಿಲ್ಲ. ಡೆಸ್ಕ್‌ಟಾಪಿನಲ್ಲಿ ದೊಡ್ಡ ಕಾರ್ಡಿಗೆ 16 ಲೇನಿನ ರಸ್ತೆ. ಥಂಡರ್‌ಬೋಲ್ಟ್ 3 ಮತ್ತು 4ರಲ್ಲಿ ಹೆಚ್ಚೆಂದರೆ ನಾಲ್ಕು ಲೇನ್. ಸೆಕೆಂಡಿಗೆ 40 ಗಿಗಾಬಿಟ್ ಅಂತ ಬರೆದಿದ್ದರೂ ಕಾರ್ಡಿನ ಪಾಲಿಗೆ ಬರುವುದು 32ರ ಒಳಗೆ. ಸಂಜೆ ಆರು ಗಂಟೆಗೆ ನಂತೂರು ಸರ್ಕಲ್ ದಾಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇನ್ನೊಂದು, ಚಿತ್ರವನ್ನು ಲ್ಯಾಪ್‌ಟಾಪಿನ ಸ್ಕ್ರೀನಿನಲ್ಲೇ ನೋಡುವುದಾದರೆ ಕಾರ್ಡ್ ಬರೆದ ಚಿತ್ರ ಅದೇ ಕೇಬಲಿನಲ್ಲಿ ತಿರುಗಿ ಬರಬೇಕು. ಆದ್ದರಿಂದ ಬೇರೆ ಮಾನಿಟರನ್ನು ಕಾರ್ಡಿಗೇ ನೇರ ಸಿಕ್ಕಿಸಿದರೆ ಒಳ್ಳೆಯದು.

ಆಕ್ಯುಲಿಂಕ್ ಅಂತ ಇನ್ನೊಂದು ದಾರಿ ಬಂದಿದೆ, ಸೆಕೆಂಡಿಗೆ 64 ಗಿಗಾಬಿಟ್‌ವರೆಗೆ. ಪೋರ್ಟ್ ಇರುವ ಲ್ಯಾಪ್‌ಟಾಪ್ ಬೆರಳೆಣಿಕೆ. ಎಸ್‌ಎಸ್‌ಡಿ ಹಾಕುವ ಎಂ.2 ಸ್ಲಾಟಿನಿಂದ ತಂತಿ ಎಳೆದು ಕಾರ್ಡ್ ಜೋಡಿಸುವವರೂ ಇದ್ದಾರೆ. ಹಿಂದಿನ ಮುಚ್ಚಳ ತೆಗೆದೇ ಇಡಬೇಕು. ನಮ್ಮ ಊರಿನಲ್ಲಿ ಲ್ಯಾಪ್‌ಟಾಪ್ ಮುಚ್ಚಿಟ್ಟರೇ ಒಳಗೆ ಇರುವೆ ಗೂಡು ಕಟ್ಟುತ್ತದೆ, ತೆರೆದಿಟ್ಟರೆ ಕೇಳುವುದೇ ಬೇಡ.

ದುಡ್ಡಿನ ವಿಷಯ ನೇರ ಹೇಳುತ್ತೇನೆ. ಪೆಟ್ಟಿಗೆ, ಪವರ್ ಸಪ್ಲೈ, ಕಾರ್ಡ್, ಮಾನಿಟರ್ ಎಲ್ಲ ಕೂಡಿಸಿ ನೋಡಿ. ಅದಕ್ಕೆ ಇನ್ನು ಸ್ವಲ್ಪ ಸೇರಿಸಿದರೆ ಒಂದು ಡೆಸ್ಕ್‌ಟಾಪೇ ಆಗುತ್ತದೆ, ಅದರಲ್ಲಿ ಕಾರ್ಡನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದು. ಒಳ್ಳೆಯ ಥಂಡರ್‌ಬೋಲ್ಟ್ ಲ್ಯಾಪ್‌ಟಾಪ್ ಆಫೀಸಿನವರೇ ಕೊಟ್ಟಿದ್ದು, ಮನೆಯಲ್ಲಿ ಕಾರ್ಡ್ ಬಿದ್ದಿದ್ದರೆ ಮಾತ್ರ ನಾನು ಇ-ಜಿಪಿಯು ಅನ್ನುತ್ತೇನೆ.

ಆನ್‌ಲೈನಿನಲ್ಲಿ 'ಯುಎಸ್‌ಬಿ ಗ್ರಾಫಿಕ್ಸ್ ಕಾರ್ಡ್' ಅಂತ ಎರಡು ಸಾವಿರಕ್ಕೆ ಉಂಟಲ್ಲ?

ಅದು ಇನ್ನೊಂದು ಮಾನಿಟರ್ ಜೋಡಿಸುವ ಅಡಾಪ್ಟರ್. ಗೇಮಿಗೆ ನಯಾಪೈಸೆ ಉಪಯೋಗ ಇಲ್ಲ.

ಮ್ಯಾಕ್‌ಬುಕ್ಕಿಗೆ?

ಒಳಗೆ ಆಗುವುದಿಲ್ಲ. ಹೊರಗಿನಿಂದ ಇಂಟೆಲ್ ಮ್ಯಾಕ್‌ಗಳಿಗೆ 2018ರಿಂದ ಆ್ಯಪಲ್ ಅವಕಾಶ ಕೊಟ್ಟಿತ್ತು. ಎಂ1 ಮತ್ತು ನಂತರದವಕ್ಕೆ ಗೇಮ್ ಆಡಲಿಕ್ಕೆ ಹೊರಗಿನ ಕಾರ್ಡ್ ಜೋಡಿಸುವ ದಾರಿ ಇಲ್ಲ.

ಹಾಗಾದರೆ ನನ್ನ ಲ್ಯಾಪ್‌ಟಾಪಿಗೆ ಎಂತದೂ ಮಾಡ್ಲಿಕ್ಕೆ ಇಲ್ವಾ?

ಉಂಟು. ಅಂಗಡಿಯಲ್ಲಿ ನನಗೆ ಅತಿ ಖುಷಿ ಕೊಡುವ ಕೆಲಸವೇ ಇದು. ಪ್ರೊಸೆಸರಿನೊಳಗಿನ ಗ್ರಾಫಿಕ್ಸಿಗೆ ಸ್ವಂತ ಮೆಮೊರಿ ಇಲ್ಲ, ಅದು ರ‍್ಯಾಮನ್ನೇ ನಂಬಿಕೊಂಡಿದೆ. ಹೆಚ್ಚಿನ ಲ್ಯಾಪ್‌ಟಾಪ್ ಬರುವಾಗ ಒಂದೇ 8 ಜಿಬಿ ಸ್ಟಿಕ್ ಇರುತ್ತದೆ, ಪಕ್ಕದ ಸ್ಲಾಟ್ ಖಾಲಿ. ಒಂದು ಸ್ಟಿಕ್ ಅಂದರೆ ಒಂದು ಬಾಗಿಲು. ಇನ್ನೊಂದು ಹಾಕಿದರೆ ಎರಡು ಬಾಗಿಲಿನಿಂದ ಡೇಟಾ ಓಡಾಡುತ್ತದೆ.

ಇದನ್ನು ಕಣ್ಣಾರೆ ನೋಡಬೇಕಾದರೆ ಇಂಟೆಲ್ 11, 12ನೇ ಜನರೇಶನ್ನಿನ ಐ5 ಲ್ಯಾಪ್‌ಟಾಪ್ ಒಂದು ಬೇಕು. ಒಂದೇ ಸ್ಟಿಕ್ ಇರುವಾಗ ಡಿವೈಸ್ ಮ್ಯಾನೇಜರಿನಲ್ಲಿ 'ಯುಎಚ್‌ಡಿ ಗ್ರಾಫಿಕ್ಸ್' ಅಂತ ಕಾಣುತ್ತದೆ. ಆಫ್ ಮಾಡಿ, ಬ್ಯಾಟರಿಯ ಕನೆಕ್ಟರ್ ತೆಗೆದು, ಅಷ್ಟೇ ಸಾಮರ್ಥ್ಯದ ಎರಡನೇ ಸ್ಟಿಕ್ ಓರೆಯಾಗಿ ಇಟ್ಟು ಕೆಳಗೆ ಒತ್ತಿದರೆ ಎರಡೂ ಬದಿಯ ಕ್ಲಿಪ್ 'ಟಕ್' ಅನ್ನುತ್ತದೆ. ಆನ್ ಮಾಡಿ ಅದೇ ಜಾಗ ನೋಡಿ: ಹೆಚ್ಚಿನವುಗಳಲ್ಲಿ ಹೆಸರೇ ಬದಲಾಗಿ 'ಐರಿಸ್ ಎಕ್ಸ್‌ಇ' ಆಗಿರುತ್ತದೆ. ಚಿಪ್ ಅದೇ, ಹೊಟ್ಟೆಗೆ ಸಾಕಷ್ಟು ಬಿತ್ತು ಅಷ್ಟೆ. ಬಂಟ್ವಾಳದ ಒಬ್ಬ ಹುಡುಗ ಇದನ್ನು ನೋಡಿ 'ಅಣ್ಣಾ, ನೀವು ಗ್ರಾಫಿಕ್ಸ್ ಕಾರ್ಡ್ ಹಾಕಿದಿರಾ?' ಅಂತ ಕೇಳಿದ. ಹೌದು ಅಂದಿದ್ದರೆ ದುಡ್ಡು ಜಾಸ್ತಿ ಸಿಗುತ್ತಿತ್ತೇನೋ.

ವ್ಯಾಲರೆಂಟ್‌ನಂಥ ಹಗುರ ಗೇಮಿಗೆ, ಆಟೋಕ್ಯಾಡಿನ 2ಡಿ ಕೆಲಸಕ್ಕೆ ಇಷ್ಟು ಸಾಕು. ಆದರೆ ರ‍್ಯಾಮ್ ಕೂಡ ಬೆಸುಗೆ ಹಾಕಿದ ತೆಳ್ಳನೆಯ ಲ್ಯಾಪ್‌ಟಾಪುಗಳು ಹೆಚ್ಚುತ್ತಿವೆ. ಸ್ಲಾಟ್ ಉಂಟಾ ಅಂತ ಕೇಳಿಕೊಂಡೇ ಸ್ಟಿಕ್ ಆರ್ಡರ್ ಮಾಡಿ.

ನನ್ನದರಲ್ಲಿ ಎನ್ವಿಡಿಯಾ ಉಂಟು. ಹೊಸದಿರುವಾಗ ಚೆನ್ನಾಗಿತ್ತು, ಈಗ ಗೇಮ್ ಜಾಮ್ ಆಗ್ತದೆ.

ಇದಕ್ಕೆ ಅಪ್‌ಗ್ರೇಡ್ ಬೇಡ, ಪೊರಕೆ ಸಾಕು. ಕೆಂಪುಕಲ್ಲಿನ ಕೋರೆಯ ಹತ್ತಿರದ ಮನೆಯಿಂದ ಬಂದ ಒಂದು ಲ್ಯಾಪ್‌ಟಾಪಿನ ಫ್ಯಾನ್ ಬಿಚ್ಚಿದ್ದೆ. ಹೀಟ್‌ಸಿಂಕಿನ ಬಾಯಿಗೆ ಕೆಂಪು ಧೂಳು ಮತ್ತು ಬಟ್ಟೆಯ ನೂಲು ಸೇರಿ ಕಂಬಳಿಯ ತುಂಡಿನ ಹಾಗೆ ಕೂತಿತ್ತು. ಇಕ್ಕಳದಲ್ಲಿ ಹಿಡಿದು ಎಳೆದರೆ ಇಡಿಯಾಗಿ ಬಂತು. ಅದರ ಆಚೆ ಗಾಳಿ ಹೋಗುವುದೇ ಇಲ್ಲ. ಬಿಸಿಯಾದ ಚಿಪ್ ತನ್ನನ್ನು ಉಳಿಸಿಕೊಳ್ಳಲು ವೇಗ ಇಳಿಸುತ್ತದೆ, ನಿಮಗೆ ಅದು ಜಾಮ್ ಅಂತ ಕಾಣುತ್ತದೆ. ಧೂಳು ತೆಗೆದು, ಒಣಗಿದ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಿದರೆ ಹೆಚ್ಚಿನವು ಮೊದಲಿನ ಹಾಗೆ ಆಗುತ್ತವೆ.

ಕರಾವಳಿಯವರು ಇನ್ನೊಂದು ನೋಡಿಕೊಳ್ಳಬೇಕು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಊರು ನಮ್ಮದು. ಉಳ್ಳಾಲ, ಮಲ್ಪೆಯ ಸಮುದ್ರದ ಬದಿಯಿಂದ ಬರುವ ಬೋರ್ಡುಗಳಲ್ಲಿ ಹಸಿರು ಕಿಲುಬು ಕಾಣದ ಮಳೆಗಾಲ ಇಲ್ಲ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಲ್ಯಾಪ್‌ಟಾಪನ್ನು ಬೀರುವಿನಲ್ಲಿ ಮುಚ್ಚಿಡಬೇಡಿ. ದಿನಕ್ಕೊಮ್ಮೆಯಾದರೂ ಆನ್ ಮಾಡಿ, ಅದರದ್ದೇ ಬಿಸಿಗೆ ಒಣಗುತ್ತದೆ.

ಧೂಳಿಲ್ಲ, ಪೇಸ್ಟ್ ಸರಿ ಉಂಟು, ಆದರೂ ನಿಧಾನವೇ? ಚಾರ್ಜರ್ ಸಿಕ್ಕಿಸಿಯೇ ಆಡುತ್ತೀರಾ, ಅದು ಕಂಪೆನಿಯದ್ದೇನಾ ನೋಡಿ. 180 ವ್ಯಾಟ್ ಬೇಕಾದದ್ದಕ್ಕೆ 65 ವ್ಯಾಟಿನದ್ದು ಹಾಕಿದರೆ ಅದು ಓಡುವುದಿಲ್ಲ, ನಡೆಯುತ್ತದೆ. ಆಮೇಲೆ ವಿಂಡೋಸ್ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಗ್ರಾಫಿಕ್ಸ್ ಅಂತ ಹೋಗಿ ಆ ಗೇಮಿಗೆ 'ಹೈ ಪರ್ಫಾರ್ಮೆನ್ಸ್' ಆರಿಸಿ. ಎನ್ವಿಡಿಯಾ ಇದ್ದೂ ಗೇಮ್ ಇಂಟೆಲಿನಲ್ಲಿ ಓಡುತ್ತಿರುವುದು ನಾನು ಎಷ್ಟೋ ಸಲ ಕಂಡದ್ದು.

ಗ್ರಾಫಿಕ್ಸ್ ಚಿಪ್ಪೇ ಹೋಗಿದೆ, ಬಿಸಿ ಮಾಡಿ ಸರಿ ಮಾಡ್ತೇವೆ ಅಂತ ಒಂದು ಕಡೆ ಹೇಳಿದ್ರು. ಮಾಡಿಸ್ಲಾ?

ಬರೀ ಬಿಸಿ ಗಾಳಿ ಊದುವುದಾದರೆ ಬೇಡ. ಈ ಚಿಕಿತ್ಸೆ ಹೆಸರು ಮಾಡಿದ್ದು 2008ರ ಸುಮಾರಿಗೆ. ಆ ವರ್ಷ ಜುಲೈಯಲ್ಲಿ ಎನ್ವಿಡಿಯಾ, ತನ್ನ ಕೆಲವು ಲ್ಯಾಪ್‌ಟಾಪ್ ಚಿಪ್ಪುಗಳ ಪ್ಯಾಕೇಜಿನ ವಸ್ತು ದುರ್ಬಲ ಅಂತ ಒಪ್ಪಿಕೊಂಡು 15ರಿಂದ 20 ಕೋಟಿ ಡಾಲರ್ ತೆಗೆದಿಡುವುದಾಗಿ ಹೇಳಿತು. ಕಾಯ್ದು ಆರಿ ಕಾಯ್ದು ಆರಿ ಚಿಪ್ಪಿನ ಒಳಗಿನ ಅತಿಸಣ್ಣ ಬೆಸುಗೆ ಬಿರುಕು ಬಿಡುತ್ತಿತ್ತು. ಹೊರಗಿನಿಂದ ಬಿಸಿ ಕೊಟ್ಟರೆ ಆ ಬಿರುಕು ತಾತ್ಕಾಲಿಕವಾಗಿ ಮುಟ್ಟಿಕೊಳ್ಳುತ್ತದೆ, ಸ್ಕ್ರೀನ್ ಬರುತ್ತದೆ, ದುಡ್ಡು ಕೊಟ್ಟು ಮನೆಗೆ ಹೋಗುತ್ತೀರಿ. ವಾರವೋ ತಿಂಗಳೋ ಕಳೆದು ಅದೇ ಕಥೆ.

ರೀಬಾಲಿಂಗ್ ಅಂದರೆ ಚಿಪ್ಪನ್ನು ಎಬ್ಬಿಸಿ ಅಡಿಯ ಗುಂಡುಗಳನ್ನೆಲ್ಲ ಹೊಸದಾಗಿ ಕೂರಿಸುವುದು. ಸೀಸವಿಲ್ಲದ ಬೆಸುಗೆ ಕರಗುವುದು ಸುಮಾರು 217 ಡಿಗ್ರಿಗೆ, ಸೀಸದ್ದು 183ಕ್ಕೆ. ಬೋರ್ಡ್ ಬಿದ್ದು ಗುಂಡು ಬಿಟ್ಟಿದ್ದರೆ ಇದರಿಂದ ನಿಜವಾಗಿ ಸರಿಯಾಗುತ್ತದೆ. ಚಿಪ್ಪಿನ ಒಳಗೇ ಕೆಟ್ಟಿದ್ದರೆ ಅದೇ ಚಿಪ್ಪಿಗೆ ಹೊಸ ಗುಂಡು ಹಾಕಿ ಪ್ರಯೋಜನ ಇಲ್ಲ, ಅದೇ ನಂಬರಿನ ಬೇರೆ ಚಿಪ್ ಬೇಕು. ಮಾಡಿಸುವ ಮೊದಲು 'ನನ್ನದರಲ್ಲಿ ಹೋದದ್ದು ಯಾವುದು, ಎಷ್ಟು ತಿಂಗಳ ಗ್ಯಾರಂಟಿ' ಅಂತ ಎರಡೇ ಮಾತು ಕೇಳಿ.

ಅದೇ ಮಾಡೆಲಿನ ದೊಡ್ಡ ಗ್ರಾಫಿಕ್ಸ್ ಇರುವ ಮದರ್‌ಬೋರ್ಡ್ ತಂದು ಹಾಕಿದರೆ?

ಇದು ನಡೆಯುತ್ತದೆ. ಕೆಲವು ಮಾಡೆಲುಗಳಲ್ಲಿ ಒಂದೇ ಬಾಡಿಗೆ ಎರಡು ಮೂರು ಥರದ ಬೋರ್ಡ್ ಬರುತ್ತದೆ. ಆದರೆ ಅದರ ಹೀಟ್‌ಸಿಂಕ್, ಫ್ಯಾನ್, ದೊಡ್ಡ ಚಾರ್ಜರ್ ಎಲ್ಲ ಒಟ್ಟಿಗೆ ಬೇಕು, ಪ್ರೊಸೆಸರೂ ಬೋರ್ಡಿಗೇ ಅಂಟಿಕೊಂಡು ಬರುತ್ತದೆ. ಲೆಕ್ಕ ಹಾಕಿದಾಗ ಹೆಚ್ಚಿನವರು 'ಇರಲಿ ಬಿಡಿ' ಅಂತಾರೆ.

ಮಗಳಿಗೆ ಎಐ ಕೋರ್ಸ್. ಕಾಲೇಜಿನವರು ದೊಡ್ಡ ಗ್ರಾಫಿಕ್ಸ್ ಬೇಕು ಅಂತಾರೆ.

ಮೊದಲ ವರ್ಷಕ್ಕೆ ಬೇಡ ಅಂತ ನನ್ನ ಅನಿಸಿಕೆ. ಗೂಗಲಿನ ಕಂಪ್ಯೂಟರನ್ನು ಬ್ರೌಸರಿನಿಂದಲೇ ಬಳಸುವ ಗೂಗಲ್ ಕೊಲ್ಯಾಬಿನಲ್ಲಿ 16 ಜಿಬಿ ಮೆಮೊರಿಯ ಟಿ4 ಜಿಪಿಯು ಉಚಿತವಾಗಿಯೇ ಸಿಗುತ್ತದೆ, ಖಾಲಿ ಇದ್ದಾಗ ಮತ್ತು ಮಿತಿಯೊಳಗೆ. ಅರುವತ್ತು ಎಪ್ಪತ್ತು ಸಾವಿರದ ಲ್ಯಾಪ್‌ಟಾಪಿನಲ್ಲಿ ಸಿಗುವ 4 ಅಥವಾ 6 ಜಿಬಿಗಿಂತ ಅದು ಎಷ್ಟೋ ದೊಡ್ಡದು. ಮನೆಯಲ್ಲಿ ನೆಟ್ ಸರಿ ಉಂಟಾ ನೋಡಿ. ಉಳಿದ ದುಡ್ಡಿನಲ್ಲಿ 16 ಜಿಬಿ ರ‍್ಯಾಮ್ ತಗೊಳ್ಳಿ.

ಯಕ್ಷಗಾನ, ಮದುವೆ ವೀಡಿಯೊ ಎಡಿಟ್ ಮಾಡ್ತೇನೆ. 4ಕೆ ಹಾಕಿದರೆ ನಿಂತು ನಿಂತು ಓಡ್ತದೆ.

ರಾತ್ರಿಯಿಡೀ ಆಟದ ರೆಕಾರ್ಡಿಂಗ್ ತಂದು ಟೈಮ್‌ಲೈನಿಗೆ ಸುರಿದರೆ ಯಾವ ಲ್ಯಾಪ್‌ಟಾಪೂ ಏದುಸಿರು ಬಿಡುತ್ತದೆ. ಪ್ರೊಕ್ಸಿ ಮಾಡಿಕೊಳ್ಳಿ. ಅಂದರೆ ಎಡಿಟ್ ಮಾಡುವಾಗ ಸಣ್ಣ ಪ್ರತಿ, ಕೊನೆಗೆ ರೆಂಡರ್ ಮಾಡುವಾಗ ದೊಡ್ಡ ಮೂಲ. ಪ್ರೀಮಿಯರ್ ಬಳಸುವವರಿಗೆ ಇಂಟೆಲ್ ಗ್ರಾಫಿಕ್ಸಿನೊಳಗೆ ವೀಡಿಯೊ ಕೆಲಸಕ್ಕೆಂದೇ ಇರುವ ಕ್ವಿಕ್ ಸಿಂಕ್ ಕೂಡ ಸಹಾಯಕ್ಕೆ ಬರುತ್ತದೆ. ಎನ್ವಿಡಿಯಾ ಉಂಟಲ್ಲ ಅಂತ ಅದನ್ನು ಡಿಸೇಬಲ್ ಮಾಡಬೇಡಿ.

ಹೊಸದು ತಗೊಳ್ಳುವಾಗ ಎಂತ ನೋಡಬೇಕು?

ಮುಂದೆ ಬದಲಿಸಲಿಕ್ಕೆ ಆಗದ್ದಕ್ಕೆ ಮೊದಲು ದುಡ್ಡು ಹಾಕಿ. ರ‍್ಯಾಮ್, ಎಸ್‌ಎಸ್‌ಡಿ ಸ್ಲಾಟ್ ಇದ್ದರೆ ಆಮೇಲೆ ಸೇರಿಸಬಹುದು.

ಹೆಸರು ನೋಡಿ ಮೋಸ ಹೋಗಬೇಡಿ. ಆರ್‌ಟಿಎಕ್ಸ್ 4060 ಅಂತ ಒಂದೇ ಹೆಸರಿನಲ್ಲಿ 35 ವ್ಯಾಟಿನಿಂದ 115 ವ್ಯಾಟಿನವರೆಗೆ ಇರುತ್ತದೆ, 3050ರಲ್ಲಿ 35ರಿಂದ 80. ತೆಳ್ಳಗಿನ ಲ್ಯಾಪ್‌ಟಾಪಿನಲ್ಲಿ ಕಡಿಮೆ ವ್ಯಾಟ್, ದಪ್ಪದ್ದರಲ್ಲಿ ಜಾಸ್ತಿ. ದೊಡ್ಡ ಹೆಸರಿನ ಬಡಕಲು ಚಿಪ್ಪಿಗಿಂತ ಸಣ್ಣ ಹೆಸರಿನ ಗಟ್ಟಿ ಚಿಪ್ ವಾಸಿ ಆಗುವುದುಂಟು. ಗ್ರಾಫಿಕ್ಸಿಗೆ ಸಿಗುವ ಈ ವ್ಯಾಟಿಗೆ ಟಿಜಿಪಿ ಅಂತ ಹೆಸರು, ಸೇಲ್ಸ್‌ನವರಿಗೆ 'ಟಿಜಿಪಿ ಎಷ್ಟು' ಅಂತ ಕೇಳಿ. ಗೊತ್ತಿಲ್ಲ ಅಂದರೆ ಡೆಮೊ ಮೆಷಿನ್ನಿನಲ್ಲಿ ಎನ್ವಿಡಿಯಾ ಕಂಟ್ರೋಲ್ ಪ್ಯಾನೆಲ್ ತೆರೆದು ಸಿಸ್ಟಮ್ ಇನ್ಫರ್ಮೇಶನ್ನಿನಲ್ಲಿ ನೀವೇ ನೋಡಿ.

ಮುಚ್ಚಳ ತೆಗೆದರೆ ವಾರಂಟಿ ಹೋಗ್ತದಾ?

ಕಂಪೆನಿಯಿಂದ ಕಂಪೆನಿಗೆ ಬೇರೆ. ವಾರಂಟಿ ಇರುವಾಗ ಕಸ್ಟಮರ್ ಕೇರಿಗೆ ಫೋನ್ ಮಾಡಿ ಕೇಳಿಯೇ ಬನ್ನಿ. ಸ್ಕ್ರೂ ಮೇಲೆ ಸ್ಟಿಕ್ಕರ್ ಇದ್ದರೆ ನಾನು ಮುಟ್ಟುವುದಿಲ್ಲ.

ತಂದು ತೋರಿಸಿದರೆ ಎಷ್ಟು ತಗೊಳ್ತೀರಿ?

ನೋಡಿ ಹೇಳುವುದಕ್ಕೆ ದುಡ್ಡಿಲ್ಲ. ಬರುವಾಗ ಚಾರ್ಜರ್ ತನ್ನಿ, ಪಾಸ್‌ವರ್ಡ್ ನೆನಪಿಟ್ಟುಕೊಂಡು ಬನ್ನಿ. ಮಳೆಯಿದ್ದರೆ ಬ್ಯಾಗಿನೊಳಗೆ ಒಂದು ಪ್ಲಾಸ್ಟಿಕ್ ತೊಟ್ಟೆ ಸುತ್ತಿ. ಮಧ್ಯಾಹ್ನ ಒಂದೂವರೆಯಿಂದ ಎರಡೂವರೆ ಊಟ.